ಅಳತೆಗೆ ತಂದ ಅಂಗಿ

"ಇದನ್ನ ಯಾರು ಬರ್ದಿದ್ದು?"

ಅಪ್ಪ ಕೇಳಿದ್ದು ಇಷ್ಟೇ. ಕಳೆದ ವರ್ಷ ಯುಗಾದಿಗೆ ಊರಿಗೆ ಹೋಗಿದ್ದೆ. ಹೋಳಿಗೆ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ, ನಾನು ಬರೆದಿದ್ದ ಒಂದು ಲೇಖನವನ್ನು ಫೋನಲ್ಲಿ ತೆಗೆದು ಅವರ ಕೈಗೆ ಕೊಟ್ಟೆ. ಅಕ್ಷರ ದೊಡ್ಡದು ಮಾಡಿಕೊಂಡು, ಬೆರಳಲ್ಲಿ ಮೇಲೆ ತಳ್ಳಿಕೊಂಡು, ಪೂರ್ತಿ ಓದಿದರು.

"ನಾನೇ ಅಪ್ಪ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವರು ಕನ್ನಡಕ ತೆಗೆದು ಪಂಚೆ ಅಂಚಿನಲ್ಲಿ ಒರೆಸಿಕೊಂಡರು. "ಚೆನ್ನಾಗೈತೆ. ಆದ್ರೆ ಇದ್ರಲ್ಲಿ ನಮ್ಮಂಗಡಿ ಎಲ್ಲೈತಪ್ಪ?"

ಲೇಖನ ಇದ್ದದ್ದೇ ಅವರ ಅಂಗಡಿ ಬಗ್ಗೆ.

ತಿಪಟೂರಿನಲ್ಲಿ ಅಪ್ಪನದು ಟೈಲರ್ ಅಂಗಡಿ. ಹತ್ತಡಿ ಅಗಲ, ಎರಡು ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಗೋಡೆಗೊಂದು ಉದ್ದ ಕನ್ನಡಿ. 34 ವರ್ಷ ನಡೆಸಿದರು. ನನ್ನ ಇಂಜಿನಿಯರಿಂಗ್ ಫೀಸು, ಅಕ್ಕನ ಮದುವೆ ಎಲ್ಲ ಆ ಹತ್ತಡಿಯಲ್ಲೇ ಹುಟ್ಟಿದ್ದು. ಈಗ ಹುಡುಗರು ಶರ್ಟು ಬೇಕಂದರೆ ಫೋನ್ ತೆಗೆಯುತ್ತಾರೆ. ಶಾಲೆಗಳು ಯೂನಿಫಾರ್ಮನ್ನು ಹೊಲಿದೇ ಕೊಡುತ್ತವೆ. ಮೇಲಾಗಿ ಅಪ್ಪನಿಗೆ ಸಂಜೆ ಹೊತ್ತು ಸೂಜಿಗೆ ದಾರ ಪೋಣಿಸೋಕೆ ಆಗುತ್ತಿರಲಿಲ್ಲ. "ದೀಪಾವಳಿ ಮುಗಿಸ್ಕೊಂಡು ಬಾಗಿಲು ಹಾಕ್ಬಿಡ್ತೀನಿ" ಅಂತ ಆ ಯುಗಾದಿಗೆ ಮುಂಚೆಯೇ ಫೋನಲ್ಲಿ ಹೇಳಿದ್ದರು. ಹಾಗಾಗಿಯೇ ನಾನು ಬರೆಯೋಕೆ ಕೂತದ್ದು. ಅಂಗಡಿ ಹೋದಮೇಲೆ ಅದರದ್ದು ಅಂತ ಒಂದು ಬರಹವಾದರೂ ಉಳಿಯಲಿ ಅಂತ.

ಅಪ್ಪನ ಪ್ರಶ್ನೆ ಕೇಳಿದ ಮೇಲೆ, ರಾತ್ರಿ ಬೆಂಗಳೂರಿನ ರೈಲಿನಲ್ಲಿ ಕೂತು ಆ ಲೇಖನವನ್ನು ಮತ್ತೆ ಓದಿದೆ. ಮೊದಲ ಸಾಲಿನಲ್ಲೇ ಜಡಿಮಳೆ. ಎರಡನೇ ಪ್ಯಾರಾದಲ್ಲಿ ಮಂಜು. ಅಂಗಡಿ ಬಾಗಿಲಲ್ಲಿ ಮಲಗಿರುವ ಒಂದು ಸೋಮಾರಿ ನಾಯಿ. ಎಡವಟ್ಟು ಮಾಡುತ್ತಲೇ ನಗಿಸುವ ಒಬ್ಬ ಸಹಾಯಕ. ನಿಜ ಹೇಳಬೇಕೆಂದರೆ ನಮ್ಮಂಗಡಿಗೆ ಯಾವತ್ತೂ ನಾಯಿ ಇರಲಿಲ್ಲ. ಅಪ್ಪನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅಷ್ಟು ಮೌನಿ. ಇನ್ನು ಮಂಜು? ತಿಪಟೂರಿನವರನ್ನು ಕೇಳಿ ನೋಡಿ, ನಮ್ಮದು ತೆಂಗಿನ ತೋಟ, ಕೊಬ್ಬರಿ ಮಾರುಕಟ್ಟೆ ಮತ್ತು ಬಿಸಿಲು.

ಈ ಮಳೆ, ಮಂಜು, ನಾಯಿ ಎಲ್ಲಿಂದ ಬಂದವು ಅಂತ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಹಾಸ್ಟೆಲ್ ಗೆಳೆಯನೊಬ್ಬ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕೊಟ್ಟ. ಒಂದೇ ರಾತ್ರಿಗೆ ಮುಗಿಸಿದೆ. ಕನ್ನಡದಲ್ಲಿ ಹೀಗೂ ಬರೆಯಬಹುದಾ ಅಂತ ಆಶ್ಚರ್ಯವಾಗಿತ್ತು. ಆಮೇಲೆ ಹತ್ತು ವರ್ಷ, ಕನ್ನಡದಲ್ಲಿ ಏನು ಬರೆಯೋಕೆ ಹೋದರೂ ಮೂಡಿಗೆರೆಯ ಮಳೆ ತಾನಾಗಿಯೇ ಸುರಿಯೋಕೆ ಶುರುವಾಗುತ್ತಿತ್ತು. ಐಟಿಯಲ್ಲಿದ್ದುಕೊಂಡು ಕನ್ನಡದಲ್ಲಿ ಬರೆಯುವ ನನ್ನಂಥ ಎಷ್ಟೋ ಜನರಿಗೆ ಈ ಕಾಯಿಲೆ ಇದೆ. ಕೆಲವರಿಗೆ ಭೈರಪ್ಪನವರದ್ದು ಅಂಟಿರುತ್ತೆ, ಕೆಲವರಿಗೆ ಲಂಕೇಶರದ್ದು. ನಾಲ್ಕು ಸಾಲು ಸಲಹೆ ಬರೆದು ಕೊನೆಗೆ ಡಿವಿಜಿಯವರ ಕಗ್ಗದ ಧಾಟಿಗೆ ಜಾರುವವರಂತೂ ಪ್ರತಿ ವಾಟ್ಸಾಪ್ ಗ್ರೂಪಿನಲ್ಲೂ ಒಬ್ಬರಿದ್ದಾರೆ.

ನಕಲು ಮಾಡಿದ್ದೇ ತಪ್ಪಾಯಿತಾ? ಇಷ್ಟದ ಲೇಖಕರನ್ನು ಓದೋದನ್ನೇ ನಿಲ್ಲಿಸಬೇಕಾ? ವಾರವೆಲ್ಲ ಇದೇ ತಲೆಯಲ್ಲಿ ಓಡುತ್ತಿತ್ತು. ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ, ಲೇಖನದ ಮಾತು ಎತ್ತದೆ, "ನೀವು ಕೆಲಸ ಕಲಿತದ್ದು ಹೇಗಪ್ಪ?" ಅಂತ ಕೇಳಿದೆ.

ಬಿಚ್ಚಿದವನಿಗೇ ಹೊಲಿಗೆ

ಅಪ್ಪ ಹದಿನಾಲ್ಕನೇ ವಯಸ್ಸಿಗೆ ಅರಸೀಕೆರೆಯ ಒಂದು ಅಂಗಡಿಗೆ ಸೇರಿದರಂತೆ. ಮೊದಲ ವರ್ಷ ಕಸ ಗುಡಿಸೋದು, ಗುಂಡಿ ಹಾಕೋದು, ಕಾಜಾ ಹೊಲಿಯೋದು. ಎರಡನೇ ವರ್ಷ ಆಲ್ಟ್ರೇಷನ್‌ಗೆ ಬಂದ ಹಳೇ ಶರ್ಟು, ಪ್ಯಾಂಟುಗಳ ಹೊಲಿಗೆ ಬಿಚ್ಚೋದು. ಬರೀ ಬಿಚ್ಚೋದು. ಬೇರೆ ಬೇರೆ ಟೈಲರ್‌ಗಳು ಹೊಲಿದ ಬಟ್ಟೆ ಅವು. ಒಬ್ಬ ಕಾಲರಿನ ಒಳಗೆ ಕ್ಯಾನ್ವಾಸ್ ಹೇಗೆ ಕೂರಿಸಿದ್ದಾನೆ, ಇನ್ನೊಬ್ಬ ತೋಳಿನ ಸುತ್ತಳತೆಯನ್ನು ಹೆಗಲಿಗೆ ಹೇಗೆ ಸೇರಿಸಿದ್ದಾನೆ ಅಂತ ಬಿಚ್ಚುವಾಗಲೇ ಕಾಣುತ್ತಿತ್ತಂತೆ.

"ಮೇಲ್ನೋಟಕ್ಕೆ ಎಲ್ಲ ಶರ್ಟೂ ಒಂದೇ ಕಣಪ್ಪ. ಬಿಚ್ಚಿದೋನಿಗೇ ಹೊಲಿಗೆ ಬರೋದು" ಅಂದರು.

ನಾನು ಆ ಮಾತನ್ನು ಬರೆದಿಟ್ಟುಕೊಂಡೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ತಾನೆ? ಹೊಸದಾಗಿ ಸೇರಿದ ಹುಡುಗ ಚೆನ್ನಾಗಿರುವ ಕೋಡನ್ನು ಕಾಪಿ ಮಾಡಿ ಅಂಟಿಸಿದರೆ ಆ ದಿನದ ಕೆಲಸ ಮುಗಿಯುತ್ತೆ. ಅದನ್ನೇ ಸಾಲು ಸಾಲಾಗಿ ಬಿಚ್ಚಿ, ಈ ಸಾಲು ಇಲ್ಲಿ ಯಾಕಿದೆ, ತೆಗೆದರೆ ಏನು ಒಡೆಯುತ್ತೆ ಅಂತ ನೋಡಿದವನು ಎರಡು ವರ್ಷದಲ್ಲಿ ಬೇರೆಯೇ ಇಂಜಿನಿಯರ್ ಆಗಿರುತ್ತಾನೆ. ನಾನು ಬರವಣಿಗೆಯಲ್ಲಿ ಹತ್ತು ವರ್ಷ ಮಾಡಿದ್ದು ಅಂಟಿಸುವ ಕೆಲಸ.

ಹೀಗೆ ಬಿಚ್ಚಿ ಕಲಿತವರು ಯಾರಾದರೂ ಇದ್ದಾರಾ ಅಂತ ಹುಡುಕಿದಾಗ ಸಿಕ್ಕಿದ್ದು ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆ. ಅಮೆರಿಕದ ನೂರು ಡಾಲರ್ ನೋಟಿನ ಮೇಲಿರುವ ಅದೇ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವನು. ಹುಡುಗನಿದ್ದಾಗ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಗೆಳೆಯನೊಬ್ಬನ ಜೊತೆ ಕಾಗದದಲ್ಲಿ ವಾದ ನಡೆಸುತ್ತಿದ್ದ. ಆ ಕಾಗದಗಳು ಅಪ್ಪನ ಕೈಗೆ ಸಿಕ್ಕವು. ಅಪ್ಪ ಮೋಂಬತ್ತಿ, ಸಾಬೂನು ಮಾಡಿ ಮಾರುತ್ತಿದ್ದವನು. ಓದಿ ನೋಡಿ, ಕಾಗುಣಿತ ನಿನ್ನದೇ ವಾಸಿ, ಆದರೆ ಹೇಳುವ ಸೊಗಸು, ಕ್ರಮ, ಸ್ಪಷ್ಟತೆಯಲ್ಲಿ ನೀನು ಆ ಗೆಳೆಯನಿಗಿಂತ ಹಿಂದೆ ಅಂತ ಉದಾಹರಣೆ ತೋರಿಸಿ ಹೇಳಿದ.

ಇದನ್ನು ಓದಿದಾಗ ನನಗೆ ನಗು ಬಂತು. ಮುನ್ನೂರು ವರ್ಷದ ಹಿಂದೆಯೂ ಮಗನ ಬರಹದ ಹುಳುಕನ್ನು ಒಂದೇ ಓದಿಗೆ ಹಿಡಿದದ್ದು ಒಬ್ಬ ಅಂಗಡಿಯ ಅಪ್ಪನೇ!

ಹುಡುಗ ಬೇಜಾರು ಮಾಡಿಕೊಂಡು ಕೂರಲಿಲ್ಲ. 'ಸ್ಪೆಕ್ಟೇಟರ್' ಅನ್ನುವ ಲಂಡನ್ ಪತ್ರಿಕೆಯ ಒಂದು ಬಿಡಿ ಸಂಪುಟ ಅವನ ಕೈಗೆ ಬಂತು. ಅದರ ಪ್ರಬಂಧಗಳು ಬಹಳ ಹಿಡಿಸಿದವು. ಒಂದು ಪ್ರಬಂಧ ತಗೊಂಡು, ಪ್ರತಿ ವಾಕ್ಯದ ಭಾವವನ್ನು ಎರಡು ಮೂರು ಪದದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಕೆಲವು ದಿನ ಅದನ್ನು ಹಾಗೇ ಇಟ್ಟುಬಿಡುತ್ತಿದ್ದ. ಆಮೇಲೆ ಪುಸ್ತಕ ನೋಡದೆ, ಆ ಗುರುತುಗಳಿಂದ ಪೂರ್ತಿ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಬರೆಯುತ್ತಿದ್ದ. ಕೊನೆಗೆ ಮೂಲದ ಪಕ್ಕ ಇಟ್ಟು ತನ್ನ ತಪ್ಪು ಹುಡುಕಿ ತಿದ್ದುತ್ತಿದ್ದ. ಪದಗಳ ಕೊರತೆ ಕಂಡಾಗ ಗದ್ಯವನ್ನು ಪದ್ಯ ಮಾಡಿ, ಮೂಲ ಮರೆತ ಮೇಲೆ ಪದ್ಯವನ್ನು ಮತ್ತೆ ಗದ್ಯ ಮಾಡುತ್ತಿದ್ದ. ಕೆಲವೊಮ್ಮೆ ಗುರುತುಗಳನ್ನೇ ಕಲಸಿಬಿಟ್ಟು, ವಾರಗಳ ನಂತರ ಸರಿಯಾದ ಕ್ರಮಕ್ಕೆ ತರೋಕೆ ಕೂರುತ್ತಿದ್ದ. ಇದೆಲ್ಲ ರಾತ್ರಿ ಕೆಲಸ ಮುಗಿಸಿ, ಬೆಳಗ್ಗೆ ಕೆಲಸಕ್ಕೆ ಮುಂಚೆ, ಇಲ್ಲವೇ ಭಾನುವಾರ. ನಮ್ಮಂತೆಯೇ ಪುರುಸೊತ್ತಿಲ್ಲದ ಮನುಷ್ಯ.

ನನ್ನ ಏಳು ತಿಂಗಳು

ನಾನೂ ಶುರು ಮಾಡಿದೆ. 40 ರೂಪಾಯಿಯ ಒಂದು ರೂಲ್ಡ್ ನೋಟ್‌ಬುಕ್, ಒಂದು ಪೆನ್ನು. ಬೆಳಗ್ಗೆ ಆಫೀಸಿಗೆ ಲಾಗಿನ್ ಆಗೋಕೆ ಮುಂಚೆ ಅರ್ಧ ಗಂಟೆ.

ಮೊದಲು ತೇಜಸ್ವಿಯವರನ್ನೇ ಹಿಡಿದೆ. ದಿನಕ್ಕೆ ಒಂದು ಪುಟ ಕೈಯಲ್ಲೇ ನಕಲು. ಶಾಲೆ ಬಿಟ್ಟ ಮೇಲೆ ಕನ್ನಡ ಕೈಬರಹ ನಿಂತೇ ಹೋಗಿತ್ತು, ಮೊದಲ ವಾರ ಒತ್ತಕ್ಷರಕ್ಕೂ ತಡವರಿಸಿದೆ. ಆದರೆ ಕೈ ನಿಧಾನವಾದಾಗ ಕಣ್ಣು ಕೆಲಸ ಮಾಡುತ್ತೆ. ಮೂರನೇ ವಾರಕ್ಕೆ ಒಂದು ವಿಷಯ ಕಂಡಿತು. ಅವರ ಪುಟಗಳಲ್ಲಿ ನಾನು ಅಂದುಕೊಂಡಷ್ಟು ಮಳೆಯೇ ಇಲ್ಲ! ವರ್ಣನೆ ಬಹಳ ಕಮ್ಮಿ. ಜನ ಏನೋ ಮಾಡುತ್ತಿರುತ್ತಾರೆ, ಏನೋ ಜಗಳ ಆಡುತ್ತಿರುತ್ತಾರೆ, ಯಾವುದೋ ವಸ್ತು ಕೆಟ್ಟು ಕೂತಿರುತ್ತೆ. ಬರೆಯುವವರು ತಾನು ಬುದ್ಧಿವಂತ ಅಂತ ತೋರಿಸಿಕೊಳ್ಳದೆ ಅದನ್ನೆಲ್ಲ ಕುತೂಹಲದಿಂದ ನೋಡುತ್ತಿರುತ್ತಾರೆ. ನಾನು ಕದ್ದಿದ್ದ ಮಳೆ ಅವರ ಶೈಲಿಯಾಗಿರಲಿಲ್ಲ, ಅವರ ಊರಿನ ಹವಾಮಾನವಾಗಿತ್ತು. ಕಲಿಯಬೇಕಿದ್ದ ಆ ನೋಟವನ್ನು ನಾನು ಮುಟ್ಟೇ ಇರಲಿಲ್ಲ.

ಆಮೇಲೆ ಮಾಸ್ತಿಯವರ ಸಣ್ಣಕತೆಗಳು. ಇಲ್ಲಿ ಫ್ರಾಂಕ್ಲಿನ್ ವಿಧಾನ ಮಾಡಿದೆ. ಗುರುತು ಹಾಕೋದು, ಒಂದು ವಾರ ಬಿಡೋದು, ನೆನಪಿನಿಂದ ಬರೆಯೋದು. ನನ್ನದನ್ನು ಪಕ್ಕದಲ್ಲಿಟ್ಟು ನೋಡಿದರೆ ಪ್ರತಿ ಸಲವೂ ಒಂದೇ ತಪ್ಪು. ಪಾತ್ರಕ್ಕೆ ದುಃಖವಾಗುವ ಜಾಗದಲ್ಲಿ ನಾನು ನಾಲ್ಕು ಸಾಲು ದುಃಖವನ್ನು ವಿವರಿಸಿದ್ದೆ. ಮಾಸ್ತಿ ದನಿ ಎತ್ತದೆ, ಯಾರೋ ಹೇಳಿದ್ದನ್ನು ನಿಮಗೆ ಹೇಳುತ್ತಿದ್ದೇನೆ ಅನ್ನುವ ಹಾಗೆ, ಆದದ್ದನ್ನು ಹೇಳಿ ಮುಂದೆ ಹೋಗಿಬಿಡುತ್ತಾರೆ. ನೋವು ಓದುವವನ ಪಾಲಿಗೆ ಉಳಿಯುತ್ತೆ. ಇದನ್ನು ಯಾರಾದರೂ ಭಾಷಣದಲ್ಲಿ ಹೇಳಿದ್ದರೆ ತಲೆಯಾಡಿಸಿ ಮರೆತುಬಿಡುತ್ತಿದ್ದೆ. ನನ್ನ ಕೈಯಲ್ಲೇ ಹನ್ನೆರಡು ಸಲ ಅದೇ ತಪ್ಪು ಆದಮೇಲೆ ಮರೆಯೋಕಾಗಲ್ಲ.

ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಮಾತ್ರ ಪೂರ್ತಿ ಸೋತೆ. ಆ ಭಾಷೆ ಅವರ ಸೀಮೆಯ ಜನರ ನಾಲಿಗೆಯಿಂದ ಬಂದದ್ದು. ನಾನು ಬರೆದರೆ ನಾಟಕದ ವೇಷದ ಥರ ಇತ್ತು. ಎರಡು ವಾರ ಒದ್ದಾಡಿ ಬಿಟ್ಟೆ. ಆದರೆ ಆ ಸೋಲಿನಿಂದ ಒಂದು ಧೈರ್ಯ ಬಂತು. ಅವರು ತಮ್ಮ ಊರಿನ ಮಾತನ್ನು ಅಷ್ಟು ಗೌರವದಿಂದ ಪುಸ್ತಕಕ್ಕೆ ತಂದಿದ್ದಾರೆ ಅಂದಮೇಲೆ, ನಮ್ಮಪ್ಪ "ಎಲ್ಲೈತಪ್ಪ" ಅಂದದ್ದನ್ನು ನಾನು "ಎಲ್ಲಿದೆ" ಅಂತ ಯಾಕೆ ತಿದ್ದಬೇಕು?

ನಮ್ಮ ದೊಡ್ಡವರೂ ಈ ದಾರಿಯಲ್ಲೇ ಬಂದವರು. ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' ಅನ್ನುವ ಇಂಗ್ಲಿಷ್ ಕವಿತೆಗಳ ಪುಸ್ತಕ 1922ರಲ್ಲಿ ಬಂತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಕವಿತೆ ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂತ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಬಿಎಂಶ್ರೀ ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದು 'ಇಂಗ್ಲಿಷ್ ಗೀತಗಳು' ಮಾಡಿದರು. ಹೊಸ ಕನ್ನಡ ಕಾವ್ಯಕ್ಕೆ ಅದು ದಾರಿಯಾಯಿತು. ಇನ್ನೂ ಹಿಂದೆ ಹೋದರೆ ವಚನಕಾರರು. ಎಷ್ಟೊಂದು ಜನ ಒಂದೇ ರೂಪದಲ್ಲಿ ಬರೆದರು. ಆದರೆ ಪ್ರತಿಯೊಬ್ಬರ ಅಂಕಿತ ಬೇರೆ, ಅದರ ಹಿಂದಿನ ಬದುಕು, ಕಾಯಕ ಬೇರೆ. ರೂಪ ಎಲ್ಲರದು, ಅಂಕಿತ ಅವರವರದು.

ನೀವೂ ಮಾಡಿ ನೋಡಬಹುದು

ಇಷ್ಟು ತಿಂಗಳಲ್ಲಿ ನನಗೆ ಕೆಲಸಕ್ಕೆ ಬಂದದ್ದನ್ನು ಚಿಕ್ಕದಾಗಿ ಹೇಳಿಬಿಡ್ತೀನಿ.

ಒಂದು, ಇಷ್ಟವಾದ ಒಂದು ಪುಟವನ್ನು ಮೊದಲು ಜೋರಾಗಿ ಓದಿ. ಉಸಿರು ಎಲ್ಲಿ ನಿಲ್ಲುತ್ತೆ ಅಂತ ಗಮನಿಸಿ. ಆಮೇಲೆ ಕೈಯಲ್ಲಿ ನಕಲು ಮಾಡಿ. ಟೈಪ್ ಮಾಡಿದರೆ ಬೆರಳು ಓಡಿಬಿಡುತ್ತೆ.

ಎರಡು, ವಾಕ್ಯಕ್ಕೊಂದು ಗುರುತು ಹಾಕಿ, ಒಂದು ವಾರ ಮುಚ್ಚಿಟ್ಟು, ನೋಡದೆ ಬರೆಯಿರಿ. ಮೂಲದ ಪಕ್ಕ ಇಟ್ಟು, ವ್ಯತ್ಯಾಸಗಳನ್ನು ಪಟ್ಟಿ ಮಾಡಿ. ಆ ಪಟ್ಟಿಯೇ ನಿಮ್ಮ ಗುರು. ಎಲ್ಲೋ ಒಂದು ಕಡೆ ನಿಮ್ಮದೇ ಚೆನ್ನಾಗಿದೆ ಅನ್ನಿಸಿದರೆ ಖುಷಿಪಡಿ. ಫ್ರಾಂಕ್ಲಿನ್‌ಗೂ ಹಾಗೆ ಅನ್ನಿಸುತ್ತಿತ್ತಂತೆ.

ಮೂರು, ಪುಟದ ಅಸ್ಥಿಪಂಜರ ಇಟ್ಟುಕೊಂಡು ಮೈ ಬದಲಿಸಿ. ಲೇಖಕರು ಕಾಡಿನ ದಾರಿ ಬಗ್ಗೆ ಹೇಳಿದ್ದರೆ, ನೀವು ಅದೇ ಕ್ರಮದಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ಬಗ್ಗೆ ಬರೆಯಿರಿ.

ನಾಲ್ಕು, ಒಬ್ಬರನ್ನೇ ಹಿಡಿದುಕೊಂಡು ಕೂರಬೇಡಿ. ಒಬ್ಬರನ್ನೇ ಓದಿದರೆ ನೆರಳಾಗುತ್ತೇವೆ. ತೇಜಸ್ವಿ ಆದಮೇಲೆ ವೈದೇಹಿ, ಅವರಾದ ಮೇಲೆ ಗೊರೂರು, ಹೀಗೆ ಬದಲಿಸಿ.

ಐದು, ಇದೆಲ್ಲ ನೋಟ್‌ಬುಕ್ಕಿನಲ್ಲೇ ಇರಲಿ. ಅಭ್ಯಾಸದ ಪುಟವನ್ನು ನಮ್ಮ ಹೆಸರಲ್ಲಿ ಎಲ್ಲೂ ಹಾಕಬಾರದು. ಅದು ಇನ್ನೊಬ್ಬರ ದುಡಿಮೆ.

ಆಫೀಸಿನ ಗೆಳೆಯ ಕೇಳಿದ, "ಎಐಗೆ ಹೇಳಿದ್ರೆ ಯಾರ ಶೈಲಿ ಬೇಕಾದ್ರೂ ಎರಡು ಸೆಕೆಂಡಲ್ಲಿ ಬರ್ದುಕೊಡುತ್ತಲ್ಲ ಮಗಾ, ಇಷ್ಟೆಲ್ಲ ಯಾಕೆ?" ಕೊಡುತ್ತೆ, ನಿಜ. ದಿನವಿಡೀ ಅದರ ಜೊತೆಯೇ ಕೆಲಸ ಮಾಡುವವನು ನಾನು. ಆದರೆ ಹನ್ನೆರಡು ಸಲ ತಪ್ಪು ಮಾಡಿದ್ದರಿಂದ ನನಗೆ ಸಿಕ್ಕ ಪಟ್ಟಿ ಇದೆಯಲ್ಲ, ಅದು ಆ ಎರಡು ಸೆಕೆಂಡಲ್ಲಿ ಸಿಗಲ್ಲ. ಜಿಮ್ಮಿಗೆ ಬೇರೆಯವರನ್ನು ಕಳಿಸಿದರೆ ನಮ್ಮ ತೋಳು ಗಟ್ಟಿಯಾಗುತ್ತಾ?

ಅಳತೆ ಪುಸ್ತಕ

ದೀಪಾವಳಿಗೆ ಒಂದು ವಾರ ಮುಂಚೆ ರಜ ಹಾಕಿ ಊರಿಗೆ ಹೋದೆ, ಅಂಗಡಿ ಖಾಲಿ ಮಾಡೋಕೆ. ಒಂದು ಮಿಷನ್ನನ್ನು ಪಕ್ಕದ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ತಗೊಂಡರು. ಹೊಲಿದಿಟ್ಟಿದ್ದರೂ ಯಾರೂ ತಗೊಂಡು ಹೋಗದ ಬಟ್ಟೆಗಳ ಒಂದು ಗಂಟಿತ್ತು. ಅಪ್ಪ ಒಂದೊಂದನ್ನೂ ತೆಗೆದು ನೋಡಿ, ಯಾರದೆಂದು ಹೇಳಿ, ಮತ್ತೆ ಮಡಚಿಟ್ಟರು.

ಟೇಬಲ್ ಕೆಳಗಿನ ಟ್ರಂಕಿನಲ್ಲಿ ಅಳತೆ ಪುಸ್ತಕಗಳಿದ್ದವು. 34 ವರ್ಷದ್ದು. ನಾನು ಅವುಗಳ ಪಕ್ಕದಲ್ಲೇ ಹೋಂವರ್ಕ್ ಮಾಡಿಕೊಂಡು ಬೆಳೆದವನು, ಒಂದು ದಿನವೂ ತೆರೆದು ನೋಡಿರಲಿಲ್ಲ. ನೆಲದ ಮೇಲೆ ಕೂತು ಓದೋಕೆ ಶುರು ಮಾಡಿದೆ.

ಉದ್ದ, ಹೆಗಲು, ಎದೆ, ಸೊಂಟ, ತೋಳು, ಅಂಕಿಗಳು. ಅಂಕಿಗಳ ಪಕ್ಕದಲ್ಲಿ ಅಪ್ಪನ ಸಣ್ಣ ಅಕ್ಷರದಲ್ಲಿ ಒಂದೊಂದು ಸಾಲು.

"ಎಡ ಹೆಗಲು ಇಳಿ. ಮೂಟೆ ಹೊತ್ತು."

"ಹೊಟ್ಟೆ ಸಡಿಲ ಬಿಡಬೇಕು. ಹೇಳಬಾರದು."

"ಮದುವೆ ಗಂಡು. ಬೇಗ."

ಒಂದು ಹುಡುಗನ ಯೂನಿಫಾರ್ಮಿಗೆ: "ಒಳಗೆ 2 ಇಂಚು ಬಿಡುವುದು. ಮುಂದಿನ ವರ್ಷಕ್ಕೂ ಆಗಬೇಕು."

ಸಂಜೆವರೆಗೂ ಓದಿದೆ. ಏಳು ತಿಂಗಳು ನೋಟ್‌ಬುಕ್ ತುಂಬಿಸದೇ ಇದ್ದಿದ್ದರೆ ಆ ಸಾಲುಗಳನ್ನು ನೋಡಿಯೂ ನೋಡದೆ ಪುಸ್ತಕಗಳನ್ನು ರದ್ದಿಗೆ ಕಟ್ಟುತ್ತಿದ್ದೆ ಅನ್ನಿಸುತ್ತೆ. ಹೇಳಬೇಕಾದ್ದನ್ನಷ್ಟೇ ಹೇಳಿ ನಿಲ್ಲಿಸೋದು, ಎದುರಿಗೆ ನಿಂತ ಮನುಷ್ಯನನ್ನು ಸರಿಯಾಗಿ ನೋಡೋದು. ದೊಡ್ಡ ಲೇಖಕರ ಪುಟಗಳಲ್ಲಿ ನಾನು ಹುಡುಕುತ್ತಿದ್ದದ್ದು ಟ್ರಂಕಿನಲ್ಲಿತ್ತು. ಆದರೆ ಅದನ್ನು ಗುರುತಿಸುವ ಕಣ್ಣು ಕೊಟ್ಟವರು ಆ ಲೇಖಕರೇ.

ಪುಸ್ತಕ ಮುಚ್ಚುವಾಗ ಅಪ್ಪನಿಗೆ ಕೊನೆಗೂ ಕೇಳಿದೆ, "ಯುಗಾದಿಗೆ ತೋರಿಸಿದ್ನಲ್ಲ, ಅದರಲ್ಲಿ ಏನು ತಪ್ಪಿತ್ತಪ್ಪ?"

ಟೇಪು ಸುತ್ತುತ್ತಾ ಹೇಳಿದರು, "ಜನ ಹೊಸ ಶರ್ಟಿಗೆ ಅಳತೆಗೆ ಅಂತ ಹಳೇ ಅಂಗಿ ತರ್ತಾರೆ. ಅದನ್ನ ನೋಡ್ಕೊಂಡು ಹೊಲಿತೀವಿ. ತಪ್ಪಿಲ್ಲ. ಆದ್ರೆ ಅಳತೆಗೆ ಪಕ್ಕದ ಮನೆಯೋನ ಅಂಗಿ ತಂದ್ರೆ? ನಾನೆಷ್ಟು ಚೆನ್ನಾಗಿ ಹೊಲಿದ್ರೂ ಅದು ಪಕ್ಕದ ಮನೆಯೋನಿಗೇ ಆಗೋದು."

ಬೆಂಗಳೂರಿಗೆ ಬಂದು ಆ ಲೇಖನವನ್ನು ಮೊದಲಿಂದ ಬರೆದೆ. ಮಳೆ ತೆಗೆದೆ, ನಾಯಿ ತೆಗೆದೆ. ಮೌನಿ ಸಹಾಯಕರನ್ನು ಮೌನಿಯಾಗಿಯೇ ಬಿಟ್ಟೆ. ಅಳತೆ ಪುಸ್ತಕದ ಸಾಲುಗಳನ್ನು ಹೆಸರಿಲ್ಲದೆ ಹಾಗೇ ಇಟ್ಟೆ. ಸಂಕ್ರಾಂತಿಗೆ ಊರಿಗೆ ಹೋದಾಗ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಅಪ್ಪನಿಗೆ ಕೊಟ್ಟೆ.

ಬಹಳ ಹೊತ್ತು ಓದಿದರು. ಒಳಗಿಂದ ಅಮ್ಮ ಎರಡು ಸಲ ಕಾಫಿಗೆ ಕರೆದರು. ಯಾರು ಬರೆದದ್ದು ಅಂತ ಈ ಸಲ ಕೇಳಲಿಲ್ಲ. ಶರ್ಟಿನ ಜೇಬಿಂದ ಪೆನ್ನು ತೆಗೆದು ಎರಡನೇ ಪುಟದಲ್ಲಿ ಒಂದು ಗೆರೆ ಎಳೆದರು.

"ಮಿಷನ್ನು ಕಿಟಕಿ ಪಕ್ಕ ಅಂತ ಬರ್ದಿದೀಯ. ಮೊದಲು ಬಾಗಿಲ ಪಕ್ಕ ಇತ್ತು. ನೀನು ಐದನೇ ಕ್ಲಾಸಲ್ಲಿದ್ದಾಗ ಕಿಟಕಿಗೆ ಸರಿಸಿದ್ದು. ತಿದ್ದು."

ತಿದ್ದಿದ್ದೇನೆ.